ಅಕ್ಕನ ಕಣ್ಣು ವಾಪಸ್ ಬಂತು, ಸ್ಕ್ಯಾನಿನಲ್ಲಿ ಮಚ್ಚೆ ಹಾಗೇ ಇದೆ. ಮೈಲಿನ್ ಮತ್ತೆ ಬೆಳೆಯುತ್ತಾ, ಇಲ್ವಾ?

ಕಿಟಕಿಪಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಎಂಟು ತಿಂಗಳ ಹಿಂದೆ ನಮ್ಮಕ್ಕನಿಗೆ ಎಡಗಣ್ಣು ನೋಯಲು ಶುರುವಾಯಿತು. ಕಣ್ಣು ಆಡಿಸಿದರೆ ಸಾಕು, ಹಿಂದಿನಿಂದ ಯಾರೋ ಎಳೆದ ಹಾಗೆ. ಮೂರೇ ದಿನದಲ್ಲಿ ಆ ಕಣ್ಣಿಗೆ ಮಂಜು ಕವಿಯಿತು. ಆಪ್ಟಿಕ್ ನ್ಯೂರೈಟಿಸ್, ಅಂದ್ರೆ ಕಣ್ಣಿನ ನರದ ಊತ ಅಂದರು. ಎಂಆರ್‌ಐ ಆದ ಮೇಲೆ ಎಂಎಸ್, ಅಂದ್ರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಗೊತ್ತಾಯಿತು. ನರದ ಮೇಲಿನ ಮೈಲಿನ್ ಅನ್ನೋ ಹೊದಿಕೆಯನ್ನು ನಮ್ಮ ದೇಹದ ರಕ್ಷಣಾ (ಇಮ್ಯೂನ್) ಕೋಶಗಳೇ ಹಾಳು ಮಾಡೋ ಕಾಯಿಲೆಯಂತೆ. ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಆರು ವಾರದಲ್ಲಿ ದೃಷ್ಟಿ ಹೆಚ್ಚುಕಡಿಮೆ ವಾಪಸ್ ಬಂತು. ಈಗ ಕಣ್ಣಿನ ಚಾರ್ಟಿನ ಕೊನೇ ಸಾಲನ್ನೂ ಓದುತ್ತಾಳೆ.

ನನ್ನ ತಲೆ ಕೆಟ್ಟಿರೋದು ಇಲ್ಲಿ. ಮೊನ್ನೆ ಮತ್ತೆ ಎಂಆರ್‌ಐ ಮಾಡಿಸಿದೆವು. ಮಚ್ಚೆಗಳು ಇದ್ದಲ್ಲೇ ಇವೆ. ವಿಇಪಿ ಅನ್ನೋ ಪರೀಕ್ಷೆಯನ್ನೂ ಮಾಡಿದರು. ತಲೆಯ ಹಿಂಭಾಗಕ್ಕೆ ಅಂಟು ಹಚ್ಚಿ ತಂತಿ ಕೂರಿಸಿ, ಚದುರಂಗದ ಹಾಸಿನ ಥರ ಕಪ್ಪು ಬಿಳಿ ಚೌಕ ಅದಲುಬದಲಾಗುವುದನ್ನು ನೋಡಿಸುತ್ತಾರಲ್ಲ, ಅದು. ಸಂಕೇತ ಮೆದುಳು ತಲುಪಲು ಬಲಗಣ್ಣಿಗೆ 101 ಮಿಲಿಸೆಕೆಂಡು. ಎಡಗಣ್ಣಿಗೆ 124. "ಇನ್ನೂ ನಿಧಾನ ಇದೆ" ಅಂದರು, ಮುಂದಿನವರನ್ನು ಕರೆದರು. ಮುಗೀತು.

ಕಣ್ಣು ಕಾಣುತ್ತಿದೆ ಅಂದ್ರೆ ಮೈಲಿನ್ ಬೆಳೆದಿದೆ ಅಂತಲ್ವಾ? ಬೆಳೆದಿದ್ರೆ ಮಚ್ಚೆ ಯಾಕೆ? ಬೆಳೆದಿಲ್ಲ ಅಂದ್ರೆ ಕಾಣುತ್ತಿರೋದು ಹೇಗೆ? ಇನ್ನೊಂದು ಮರೆತೆ. ಪೆನ್ನಿನ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಲ್ಲಿ ನೋಡಿದರೆ ಎಡಗಣ್ಣಿಗೆ ಅದು ಕೆಂಪೇ ಅಲ್ಲವಂತೆ. "ಹತ್ತು ಸಲ ಒಗೆದು ಬಣ್ಣ ಬಿಟ್ಟ ಬಟ್ಟೆ ಥರ" ಅಂತಾಳೆ.

ಸುಮ್ನೆಬಂದೆ
ಮೈಲಿನ್ ಅಂದ್ರೆ ವೈರ್ ಮೇಲಿನ ಪ್ಲಾಸ್ಟಿಕ್ ಥರ ಅಲ್ವಾ? ಒಮ್ಮೆ ಸುಟ್ಟರೆ ಮುಗೀತು ಅಂದ್ಕೊಂಡಿದ್ದೆ.

ಹಳೇಫ್ಯೂಸು
ಇಪ್ಪತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಈ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ. ನನ್ನ ತಮ್ಮನಿಗೂ ಎಂಎಸ್ ಇದೆ, ಅದಕ್ಕೇ ಒಂದಿಷ್ಟು ಓದಿಕೊಂಡೆ. ನರದ ಮೇಲಿನ ಹೊದಿಕೆ ಉದ್ದಕ್ಕೂ ಇರಲ್ಲ ಸ್ವಾಮಿ. ಒಂದು ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಹೊದಿಕೆ, ಆಮೇಲೆ ಚೂರು ಬಿಟ್ಟ ಜಾಗ, ಮತ್ತೆ ಹೊದಿಕೆ. ಹಾಗೆ ನಾನು ವೈರ್ ಎಳೆದರೆ ಮಾರನೇ ದಿನ ಲೈಸೆನ್ಸ್ ಕಿತ್ಕೊಳ್ತಾರೆ.

ನರಗಳ_ನೆಂಟ
ಹಳೇಫ್ಯೂಸು ಅವರೇ, ಶಭಾಷ್. ಆ ಬಿಟ್ಟ ಜಾಗದಲ್ಲೇ ಇಡೀ ಆಟ ಇರೋದು. ಅದಕ್ಕೆ ರಾನ್‌ವಿಯೇ ಗಂಟು ಅಂತಾರೆ. 1870ರ ದಶಕದಲ್ಲಿ ಲೂಯಿ ರಾನ್‌ವಿಯೇ ಅನ್ನೋ ಫ್ರೆಂಚ್ ವಿಜ್ಞಾನಿ ಅದನ್ನು ವಿವರಿಸಿದ. ಸೋಡಿಯಂ ಚಾನೆಲ್‌ಗಳು, ಅಂದ್ರೆ ಸಂಕೇತ ಹುಟ್ಟಿಸೋ ಪುಟ್ಟ ಬಾಗಿಲುಗಳು, ಅಲ್ಲೇ ಗುಂಪುಗಟ್ಟಿ ಕೂತಿರುತ್ತವೆ. ಸಂಕೇತ ಒಂದು ಗಂಟಿನಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುತ್ತದೆ. ಹೊದಿಕೆ ಇಲ್ಲದ ತೆಳು ನರದಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ವೇಗ ಇದ್ದರೆ, ದಪ್ಪ ಹೊದಿಕೆಯ ನರದಲ್ಲಿ 100 ಮೀಟರ್ ದಾಟುತ್ತದೆ.

ನಾನು ಗ್ಲಿಯಾ, ಅಂದ್ರೆ ನರಕೋಶಗಳಿಗೆ ಆಸರೆಯಾಗೋ ಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು ಇದನ್ನೇ ನೋಡೋದು. ಮೆದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿ ಹೊದಿಕೆ ಸುತ್ತುವುದು ಆಲಿಗೋಡೆಂಡ್ರೋಸೈಟ್ ಅನ್ನೋ ಕೋಶ. ಅದು ಆಕ್ಟೋಪಸ್ ಥರ ಕೈ ಚಾಚುತ್ತದೆ. ಒಂದೇ ಕೋಶ ಹತ್ತಾರು ತುಂಡು ಹೊದಿಕೆ ಸುತ್ತಬಲ್ಲದು. ಸುತ್ತುವ ರೀತಿಯೂ ವೈರಿಗೆ ಟೇಪ್ ಸುತ್ತಿದ ಹಾಗಲ್ಲ. ಟೇಪನ್ನು ನಾವು ಹೊರಗಿನಿಂದ ಸುತ್ತುತ್ತೇವೆ. ಇಲ್ಲಿ ಒಳಗಿನ ತುದಿ ನರಕ್ಕೆ ಅಂಟಿಕೊಂಡೇ, ಹಳೇ ಸುತ್ತುಗಳ ಅಡಿಯಲ್ಲಿ ನುಸುಳಿಕೊಂಡು ಮುಂದೆ ಹೋಗುತ್ತದೆ. ಹೊಸ ಪದರ ಯಾವಾಗಲೂ ಒಳಗಡೆ.

ಹಳೇಫ್ಯೂಸು
ಒಳಗಿನಿಂದ ಟೇಪ್ ಸುತ್ತೋದು! ಇದು ನನಗೆ ಗೊತ್ತಿರಲಿಲ್ಲ. ಕಲಿಯೋಕೆ ಆಗುವಂಥ ವಿದ್ಯೆ ಅಲ್ಲ ಬಿಡಿ.

ಸಂಜೆಓಪಿಡಿ
ಕಿಟಕಿಪಕ್ಕ, ನಾನು ನ್ಯೂರಾಲಜಿಯಲ್ಲಿ ಕಲಿಯುತ್ತಿರುವ ಡಾಕ್ಟರ್. ನಿಮ್ಮಕ್ಕನನ್ನು ನೋಡಿಲ್ಲ, ಹಾಗಾಗಿ ಇದು ಸಲಹೆ ಅಲ್ಲ, ಮಾತುಕತೆ ಅಷ್ಟೇ. ಆದರೆ ನೀವು ಕೇಳಿದ ಪ್ರಶ್ನೆ ಬಹಳ ಚೆನ್ನಾಗಿದೆ.

ಮೊದಲ ಕೆಲವು ವಾರದಲ್ಲಿ ದೃಷ್ಟಿ ವಾಪಸ್ ಬಂದಿದ್ದರಲ್ಲಿ ದೊಡ್ಡ ಪಾಲು ಮೈಲಿನ್ ಬೆಳೆದದ್ದರಿಂದ ಅಲ್ಲ. ಊತ ಇಳಿಯಿತು. ಊತ ಇದ್ದಾಗ ನರ ಒಳ್ಳೇ ಹೊದಿಕೆ ಇದ್ದ ಕಡೆಯೂ ಕೆಲಸ ಮಾಡಲ್ಲ. ಎರಡನೆಯದು ಸ್ವಲ್ಪ ಮಜಾ ಇದೆ. ಹೊದಿಕೆ ಕಳಚಿಕೊಂಡ ನರ ಸುಮ್ನೆ ಕೂರುವುದಿಲ್ಲ. ಗಂಟಿನಲ್ಲಿ ಗುಂಪಾಗಿದ್ದ ಸೋಡಿಯಂ ಚಾನೆಲ್‌ಗಳನ್ನು ಬೋಳಾದ ಜಾಗದ ಉದ್ದಕ್ಕೂ ಹರಡಿಕೊಳ್ಳುತ್ತದೆ. ನೆಗೆಯೋಕೆ ಆಗದಿದ್ದರೆ ನಡೆದೇ ಹೋಗೋಣ ಅನ್ನೋ ಹಾಗೆ. ಸಂಕೇತ ತಲುಪುತ್ತದೆ, ತಡವಾಗಿ. ಇದರ ಜೊತೆಗೆ ಮೆದುಳು ಬಂದಷ್ಟರಲ್ಲೇ ಸಂಭಾಳಿಸೋದನ್ನು ಕಲಿಯುತ್ತದೆ. ನಿಜವಾದ ಹೊಸ ಮೈಲಿನ್ ಇವುಗಳ ಹಿಂದೆ ನಿಧಾನವಾಗಿ, ತಿಂಗಳುಗಟ್ಟಲೆ ಬರುತ್ತದೆ.

ಅಕ್ಷರ ಓದಲು ಸಂಕೇತ ತಲುಪಿದರೆ ಸಾಕು. ವಿಇಪಿ ಕೇಳೋದು ಎಷ್ಟು ಹೊತ್ತಿಗೆ ತಲುಪಿತು ಅಂತ. ಅದಕ್ಕೇ ಚಾರ್ಟಿನಲ್ಲಿ ಪಾಸು, ಗಡಿಯಾರದಲ್ಲಿ ಫೇಲು. ಕಣ್ಣು ಸರಿಹೋದ ಮೇಲೂ ಈ ತಡ ಉಳಿಯುತ್ತದೆ ಅನ್ನೋದು 1972ರಿಂದಲೇ ಗೊತ್ತಿದೆ. ಕೆಂಪು ಮಾಸಿದ ಹಾಗೆ ಕಾಣೋದೂ ಇದೇ ಕಾಯಿಲೆಯ ಹಳೇ ಗುರುತು. ನಾವೂ ಓಪಿಡಿಯಲ್ಲಿ ಕೆಂಪು ಮುಚ್ಚಳವನ್ನೇ ತೋರಿಸೋದು.

ಮಚ್ಚೆ ವಿಷಯ. ಮಾಮೂಲಿ ಎಂಆರ್‌ಐ ಮೈಲಿನ್ ನೋಡಲ್ಲ, ನೀರು ನೋಡುತ್ತದೆ. ಪೂರ್ತಿ ಬೋಳಾದ ಜಾಗ, ಅರ್ಧ ರಿಪೇರಿಯಾದ ಜಾಗ, ಗಾಯದ ಕಲೆ, ಎಲ್ಲವೂ ಒಂದೇ ಥರ ಬೆಳ್ಳಗೆ ಕಾಣಬಹುದು. ಮಚ್ಚೆ ಹಾಗೇ ಇದೆ ಅಂದರೆ ಒಳಗೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ.

ಕಿಟಕಿಪಕ್ಕ
ಡಾಕ್ಟ್ರೇ, ಇಷ್ಟನ್ನು ಅವತ್ತು ಯಾರಾದರೂ ಎರಡು ನಿಮಿಷ ಕೂರಿಸಿ ಹೇಳಿದ್ದರೆ ಅಕ್ಕ ಒಂದು ವಾರ ಅಳುತ್ತಿರಲಿಲ್ಲ. ಸ್ಟೀರಾಯ್ಡ್‌ನಿಂದಲೇ ಕಣ್ಣು ಬಂತು ಅಂದ್ಕೊಂಡಿದ್ದೆವು.

ಸಂಜೆಓಪಿಡಿ
ಸ್ಟೀರಾಯ್ಡ್ ಊತವನ್ನು ಬೇಗ ಇಳಿಸುತ್ತದೆ. ಆಪ್ಟಿಕ್ ನ್ಯೂರೈಟಿಸ್ ಮೇಲೆ 1992ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಡ್ರಿಪ್ ಹಾಕಿದವರು ಬೇಗ ಚೇತರಿಸಿಕೊಂಡರು. ಆರು ತಿಂಗಳ ಹೊತ್ತಿಗೆ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರಿಪೇರಿ ಮಾಡೋ ಔಷಧ ಅದಲ್ಲ.

ಮೂರನೇಸಾಲು
ಹನ್ನೊಂದು ವರ್ಷದಿಂದ ಎಂಎಸ್ ಜೊತೆ ಸಂಸಾರ ಮಾಡುತ್ತಿರುವವಳು ನಾನು. ತಂಗಿ, ನಿಮ್ಮಕ್ಕನನ್ನು ಒಂದು ಕೇಳು. ಬಿಸಿನೀರಿನ ಸ್ನಾನ ಮಾಡಿದ ಮೇಲೋ, ಬಿರುಸಾಗಿ ನಡೆದ ಮೇಲೋ ಆ ಕಣ್ಣು ಮಂಜಾಗುತ್ತಾ ಅಂತ. ನನಗೆ ಮೊದಲ ಸಲ ಹಾಗಾದಾಗ ಮತ್ತೆ ಅಟ್ಯಾಕ್ ಅಂತ ಓಡಿದ್ದೆ. ಎಮರ್ಜೆನ್ಸಿಯಲ್ಲಿ ಹೆಸರು ಬರೆಸುವಷ್ಟರಲ್ಲಿ ಮೈ ತಣ್ಣಗಾಗಿ ಕಣ್ಣು ಸರಿಯಾಗಿತ್ತು. ಕೌಂಟರಿನಲ್ಲಿದ್ದವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಸಂಜೆಓಪಿಡಿ
ಅದಕ್ಕೆ ಊಟಾಫ್ ವಿದ್ಯಮಾನ ಅಂತ ಹೆಸರು ಮೇಡಂ. 1890ರಲ್ಲಿ ಜರ್ಮನ್ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟಾಫ್ ಬರೆದಿಟ್ಟ. ಹೊದಿಕೆ ತೆಳುವಾದ ನರ ಹೇಗೋ ಏಗಿಕೊಂಡು ಹೋಗುತ್ತಿರುತ್ತದೆ. ಮೈ ಬಿಸಿ ಸ್ವಲ್ಪ ಏರಿದರೂ ಚಾನೆಲ್‌ಗಳು ಬೇಗ ಮುಚ್ಚಿಕೊಂಡು ಸಂಕೇತ ಅಲ್ಲೇ ಸೋಲುತ್ತದೆ. ತಣ್ಣಗಾದರೆ ಸರಿ. ಹೊಸ ಗಾಯ ಅಲ್ಲ. ಎಂಆರ್‌ಐ ಬರೋ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದ ಕಾಲವೂ ಇತ್ತು. ಆದರೆ ತೊಂದರೆ ಒಂದು ದಿನ ದಾಟಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಕಿಟಕಿಪಕ್ಕ
ಮೂರನೇಸಾಲು ಅವರೇ, ನಮ್ಮಕ್ಕನನ್ನು ಕೇಳಿದೆ. "ಹೌದು, ನಿನಗೆ ಹೇಳಿದರೆ ಗಾಬರಿ ಆಗ್ತೀಯ ಅಂತ ಹೇಳಿರಲಿಲ್ಲ" ಅಂದಳು. ನೋಡಿ ಇವಳನ್ನ.

ಗುಬ್ಬಿಲೆಕ್ಕ
ಎಲ್ಲ ಸರಿ. ಊತ, ಚಾನೆಲ್, ಮೆದುಳಿನ ಹೊಂದಾಣಿಕೆ. ಹಾಗಾದರೆ ಮೈಲಿನ್ ಮತ್ತೆ ಬೆಳೆಯುತ್ತದೆ ಅನ್ನೋದಕ್ಕೆ ಪುರಾವೆ ಏನು? ಸ್ಕ್ಯಾನಿನಲ್ಲಿ ಕಾಣಲ್ಲ ಅಂತ ನೀವೇ ಅಂದಿರಿ. "ತಿಂಗಳುಗಟ್ಟಲೆ ಬರುತ್ತದೆ" ಅಂತ ಸಮಾಧಾನ ಹೇಳೋದು ಸುಲಭ.

ನರಗಳ_ನೆಂಟ
ಪುರಾವೆ ಇದೆ ಗುರು. 1961ರಲ್ಲಿ ಬಂಜ್ ದಂಪತಿ ಮತ್ತು ಹಾನ್ಸ್ ರಿಸ್ ಬೆಳೆದ ಬೆಕ್ಕುಗಳ ಬೆನ್ನುಹುರಿಯಲ್ಲಿ ಮೈಲಿನ್ ಕಳೆದು, ಮತ್ತೆ ಬೆಳೆಯುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಅಲ್ಲಿಯವರೆಗೆ ಬೆಳೆದ ಪ್ರಾಣಿಯ ಬೆನ್ನುಹುರಿಯಲ್ಲಿ ಇದು ಆಗುತ್ತದೆ ಅಂತ ಯಾರೂ ತೋರಿಸಿರಲಿಲ್ಲ.

ಮನುಷ್ಯರಲ್ಲೂ ಇದೆ. ತೀರಿಕೊಂಡ ಎಂಎಸ್ ರೋಗಿಗಳ ಮೆದುಳನ್ನು ಬಣ್ಣ ಹಾಕಿ ನೋಡಿದರೆ ಆರೋಗ್ಯವಾದ ಜಾಗ ಗಾಢ ನೀಲಿ, ಬೋಳಾದ ಜಾಗ ಬಿಳಿಚು. ಇವೆರಡರ ಮಧ್ಯೆ ಕೆಲವು ತೇಪೆಗಳು ತಿಳಿನೀಲಿ ಇರುತ್ತವೆ, ನೆರಳು ಬಿದ್ದ ಹಾಗೆ. ಅವನ್ನು ನೆರಳು ತೇಪೆ ಅಂತಲೇ ಕರೀತಾರೆ. ರಿಪೇರಿಯಾದ ಜಾಗ ಅದು. ಹೊಸ ಹೊದಿಕೆ ಹಳೆಯದಕ್ಕಿಂತ ತೆಳು, ತುಂಡುಗಳೂ ಗಿಡ್ಡ. ಅದಕ್ಕೇ ಬಣ್ಣ ತಿಳಿ. 2006ರಲ್ಲಿ 51 ಜನರ ಮೆದುಳು ನೋಡಿದ ಅಧ್ಯಯನದಲ್ಲಿ ಐದರಲ್ಲೊಬ್ಬರಿಗೆ ಗಾಯವಾದ ಜಾಗದ ಶೇ. 60ರಿಂದ 96ರಷ್ಟು ರಿಪೇರಿಯಾಗಿತ್ತು. ವಯಸ್ಸಾದವರಲ್ಲೂ, ದಶಕಗಟ್ಟಲೆ ಕಾಯಿಲೆ ಇದ್ದವರಲ್ಲೂ.

ಗುಬ್ಬಿಲೆಕ್ಕ
ಐದರಲ್ಲೊಬ್ಬರು. ಉಳಿದ ನಾಲ್ಕು ಜನ?

ನರಗಳ_ನೆಂಟ
ಅದೇ ನನ್ನ ಪಿಎಚ್‌ಡಿ. ಮುಗಿಸಿ ಹೇಳ್ತೀನಿ 🙂

ಸರಿ, ತಮಾಷೆ ಬಿಟ್ಟು. ದೊಡ್ಡವರ ಮೆದುಳಿನಲ್ಲೂ ಎಳೇ ಕೋಶಗಳು ಉಳಿದಿರುತ್ತವೆ. ಓಪಿಸಿ ಅಂತೀವಿ. ಮೆದುಳಿನ ಕೋಶಗಳಲ್ಲಿ ಸುಮಾರು ಶೇ. 5ರಿಂದ 8ರಷ್ಟು ಇವೇ. ಎಲ್ಲೋ ಹೊದಿಕೆ ಹರಿದರೆ ಇವು ಎಚ್ಚರಗೊಳ್ಳುತ್ತವೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಗಾಯದ ಕಡೆ ನಡೆದು ಹೋಗುತ್ತವೆ, ಅಲ್ಲಿ ಬಲಿತು ಆಲಿಗೋಡೆಂಡ್ರೋಸೈಟ್ ಆಗಿ ಸುತ್ತಲು ಶುರು ಮಾಡುತ್ತವೆ. ಇಲಿಯಲ್ಲಿ ಇದು ಕೆಲವೇ ವಾರದ ಕೆಲಸ. ಕ್ಯುಪ್ರಿಜೋನ್ ಅನ್ನೋ ರಾಸಾಯನಿಕ ತಿನ್ನಿಸಿ ಮೈಲಿನ್ ಉದುರಿಸುತ್ತೇವೆ. ನಿಲ್ಲಿಸಿದ ಕೂಡಲೇ ವಾಪಸ್ ಬರತೊಡಗುತ್ತದೆ.

ಎಂಎಸ್ ಗಾಯಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಕಡೆ ಎಳೇ ಕೋಶಗಳು ಬಂದು ನಿಂತಿವೆ. ನರವೂ ಇದೆ. ಸುತ್ತುತ್ತಿಲ್ಲ. ಕೆಲಸದವರು ಸಾಮಾನು ಹಿಡಿದು ಬಾಗಿಲಲ್ಲೇ ನಿಂತ ಹಾಗೆ.

ಮೂರನೇಸಾಲು
ಬಾಗಿಲಲ್ಲೇ ನಿಂತಿರೋದು ಯಾಕಪ್ಪಾ? ಒಳಗೆ ಕರೀಬೇಕಾದೋರು ಯಾರು?

ನರಗಳ_ನೆಂಟ
ಒಂದು ಮುಖ್ಯ ಕಾರಣ ಕಸ, ಅಕ್ಕ. ಹರಿದ ಮೈಲಿನ್ ಚೂರುಗಳು ಅಲ್ಲೇ ಬಿದ್ದಿದ್ದರೆ ಎಳೇ ಕೋಶ ಬಲಿಯುವುದೇ ಇಲ್ಲ. ಮೈಕ್ರೋಗ್ಲಿಯಾ, ಮ್ಯಾಕ್ರೋಫೇಜ್ ಅನ್ನೋ ಕೋಶಗಳು ಬಂದು ಆ ಕಸ ತಿನ್ನಬೇಕು. ಮೈಲಿನ್ ಅಂದ್ರೆ ಬಹುಪಾಲು ಕೊಬ್ಬು, ಕೊಲೆಸ್ಟ್ರಾಲ್ ತುಂಬಾ ಜಾಸ್ತಿ. ವಯಸ್ಸಾದ ಇಲಿಯ ಕೋಶಗಳು ಅದನ್ನು ತಿಂದು ಅರಗಿಸಿಕೊಳ್ಳಲಾರದೆ ಒಳಗೇ ಹರಳುಗಟ್ಟಿಸಿಕೊಳ್ಳುತ್ತವೆ. 2018ರಲ್ಲಿ ಇದನ್ನು ತೋರಿಸಿದರು. ಅದಕ್ಕೂ ಮೊದಲು, 2012ರಲ್ಲಿ, ಮುದಿ ಇಲಿಗೂ ಎಳೇ ಇಲಿಗೂ ರಕ್ತ ಓಡಾಟ ಒಂದಾಗುವ ಹಾಗೆ ಹೊಲಿಗೆ ಹಾಕಿ ನೋಡಿದ್ದರು. ಎಳೇ ಇಲಿಯ ಕಸ ತಿನ್ನೋ ಕೋಶಗಳು ಬಂದು ಚೊಕ್ಕ ಮಾಡಿದವು, ಮುದಿ ಇಲಿಯಲ್ಲಿ ಮೈಲಿನ್ ಚೆನ್ನಾಗಿ ಬೆಳೆಯಿತು.

ಇಲ್ಲಿ ಒಂದು ಪೇಚಿದೆ. ಎಂಎಸ್‌ನಲ್ಲಿ ಹೊದಿಕೆ ಹಾಳಾಗೋದೂ ಇಮ್ಯೂನ್ ಕೋಶಗಳಿಂದಲೇ. ರಿಪೇರಿಗೆ ಜಾಗ ಮಾಡಿಕೊಡೋದೂ ಅದೇ ಜಾತಿಯ ಕೋಶಗಳೇ. ಎಲ್ಲವನ್ನೂ ಬಾಯಿ ಮುಚ್ಚಿಸಿದರೆ ಕಸ ಹಾಗೇ ಉಳಿಯುತ್ತದೆ.

ಸುಮ್ನೆಬಂದೆ
ಇಲಿಗೆ ಇಲಿ ಹೊಲಿದರಾ?? ರಾತ್ರಿ ಇದನ್ನು ಓದಬಾರದಿತ್ತು.

ಗುಬ್ಬಿಲೆಕ್ಕ
ಇಲಿ, ಇಲಿ, ಇಲಿ. ಮನುಷ್ಯರಲ್ಲಿ ಎಳೇ ಕೋಶಗಳೇ ರಿಪೇರಿ ಮಾಡುತ್ತವೆ ಅನ್ನೋದು ಅಷ್ಟು ಖಾತ್ರಿಯಾ? 2019ರ ಕಾರ್ಬನ್ ಕೆಲಸದ ಬಗ್ಗೆ ಯಾಕೆ ಬಾಯಿ ಬಿಡ್ತಿಲ್ಲ?

ನರಗಳ_ನೆಂಟ
ಬಿಡ್ತೀನಿ, ತಾಳಿ. ಗೊತ್ತಿಲ್ಲದವರಿಗಾಗಿ: 1955ರಿಂದ 1963ರವರೆಗೆ ಬಯಲಲ್ಲಿ ಅಣುಬಾಂಬ್ ಪರೀಕ್ಷೆ ನಡೆದಾಗ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಏರಿತು, ಆಮೇಲೆ ಇಳಿಯುತ್ತಾ ಬಂತು. ಕೋಶ ಹುಟ್ಟಿದಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಮಟ್ಟ ದಾಖಲಾಗುತ್ತದೆ. ಜನ್ಮಪತ್ರ ಇದ್ದ ಹಾಗೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ನೆರಳು ತೇಪೆಯ ಕೋಶಗಳ ವಯಸ್ಸು ಅಳೆದಾಗ ಅವು ಹೊಸದಾಗಿ ಹುಟ್ಟಿದವು ಆಗಿರಲಿಲ್ಲ. ಹಳೇ ಕೋಶಗಳೇ. ಅಂದ್ರೆ ಮನುಷ್ಯರಲ್ಲಿ ದಾಳಿಯಿಂದ ಬದುಕುಳಿದ ಹಳೇ ಆಲಿಗೋಡೆಂಡ್ರೋಸೈಟ್‌ಗಳೇ ಮತ್ತೆ ಕೈ ಚಾಚಿ ಸುತ್ತುತ್ತಿರಬಹುದು. ಅದರ ಹಿಂದಿನ ವರ್ಷ ಬೆಕ್ಕು, ಕೋತಿಗಳಲ್ಲೂ ಹಳೇ ಕೋಶಗಳು ಕೈ ಹಾಕಿದ್ದು ಕಂಡಿತ್ತು.

ನನ್ನ ಪ್ರಕಾರ ಇದು "ಇದಾ ಅದಾ" ಅನ್ನೋ ಜಗಳ ಅಲ್ಲ. ಹಳೇ ಕೋಶ ಉಳಿದ ಕಡೆ ಅದು, ಸತ್ತ ಕಡೆ ಎಳೇದು. ಆದರೆ ನೀವು ಹೇಳೋದು ನ್ಯಾಯ. ನಮ್ಮ ಲ್ಯಾಬಿನಲ್ಲೂ ಆ ಪೇಪರ್ ಬಂದ ದಿನ ಯಾರೂ ಜಾಸ್ತಿ ಮಾತಾಡಲಿಲ್ಲ.

ಗುಬ್ಬಿಲೆಕ್ಕ
ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ಔಷಧದ ಪ್ರಯೋಗಗಳೆಲ್ಲ ಎಳೇ ಕೋಶವನ್ನು ಬಲಿಸೋದರ ಮೇಲೇ ನಿಂತಿವೆ. ಅದಕ್ಕೇ ಕೇಳಿದೆ.

ಪದಪ್ರೇಮಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಮೈಲಿನ್‌ಗೆ ಕನ್ನಡದಲ್ಲಿ ಒಂದು ಪದ ಬೇಡವೇ? ನರಪೊರೆ ಅಂದರೆ ಹೇಗೆ?

ಹಳೇಫ್ಯೂಸು
ಪೊರೆ ಅಂದ್ರೆ ಕಣ್ಣಿಗೆ ಬರೋದು ನೆನಪಾಗುತ್ತೆ. ಈ ಚರ್ಚೆಯಲ್ಲಿ ಮೊದಲೇ ಕಣ್ಣಿನ ಮಾತು. ಜನ ಆಪರೇಷನ್ ಮಾಡಿಸೋಕೆ ಹೊರಡ್ತಾರೆ.

ಪದಪ್ರೇಮಿ
ಹಾವು ಪೊರೆ ಬಿಡುತ್ತದೆ, ಮತ್ತೆ ಬರುತ್ತದೆ. ಅರ್ಥ ಚೆನ್ನಾಗಿ ಕೂರುತ್ತದಲ್ಲ.

ಮೂರನೇಸಾಲು
ಮೈಲಿನ್ ಅಂತಲೇ ಇರಲಿ ಮಾರಾಯ್ರೇ. ಇದೊಂದು ಹೆಸರನ್ನಾದರೂ ಮನೆಯವರೆಲ್ಲ ಸರಿಯಾಗಿ ಕಲಿತಿದ್ದಾರೆ.

ಅಂಬೆಗಾಲು
ನನ್ನದು ಗಿಲಾನ್ ಬಾರೆ ಅನ್ನೋ ಕಾಯಿಲೆ. ಹೊದಿಕೆ ಹಾಳಾಗೋದು ಮೆದುಳಿನದಲ್ಲ, ಕೈಕಾಲಿನ ನರದ್ದು. ಹೊಟ್ಟೆ ಕೆಟ್ಟು ಹತ್ತು ದಿನಕ್ಕೆ ಪಾದ ಜುಮ್ಮೆಂದಿತು. ಮೂರನೇ ದಿನ ಎದ್ದು ನಿಲ್ಲಲಾಗಲಿಲ್ಲ. ಐದನೇ ದಿನ ಶರ್ಟಿನ ಗುಂಡಿ ಹಾಕಲಾಗಲಿಲ್ಲ. ಐದು ದಿನ ಇಮ್ಯುನೋಗ್ಲಾಬುಲಿನ್ ಕೊಟ್ಟರು. ವಾಪಸ್ ಬರೋದು ಮೇಲಿನಿಂದ ಕೆಳಕ್ಕೆ. ಮೊದಲು ಭುಜ, ಆಮೇಲೆ ಕೈ, ಸೊಂಟ. ಕೊನೆಗೆ ಕಾಲಿನ ಹೆಬ್ಬೆರಳು. ಆ ಬೆರಳು ಒಂದು ಬೆಳಿಗ್ಗೆ ಕೂದಲೆಳೆಯಷ್ಟು ಅಲುಗಿತು. ನರ್ಸನ್ನು ಕೂಗಿ ಕರೆದು ತೋರಿಸಿದೆ. ಅವರು ಬರೋ ಹೊತ್ತಿಗೆ ಅಲುಗಲೇ ಇಲ್ಲ! ನನಗೇಕೆ ಪೂರ್ತಿ ವಾಪಸ್ ಬಂತು, ಎಂಎಸ್‌ನವರಿಗೆ ಏಕಿಲ್ಲ?

ಸಂಜೆಓಪಿಡಿ
ಕೈಕಾಲಿನ ನರಕ್ಕೆ ಹೊದಿಕೆ ಸುತ್ತೋದು ಬೇರೆ ಕೋಶ, ಶ್ವಾನ್ ಕೋಶ. ಅದು ಒಂದು ನರದ ಒಂದು ತುಂಡಿಗೆ ಒಂದೇ, ಪೂರ್ತಿ ಗಮನ ಅದರ ಮೇಲೇ. ಪೆಟ್ಟು ಬಿದ್ದರೆ ರೂಪ ಬದಲಿಸಿಕೊಂಡು ಕಸವನ್ನೂ ತಾನೇ ತೆಗೆಯುತ್ತದೆ, ಆಮೇಲೆ ಮತ್ತೆ ಸುತ್ತುತ್ತದೆ. ಅಲ್ಲದೆ ಗಿಲಾನ್ ಬಾರೆ ಸಾಮಾನ್ಯವಾಗಿ ಒಂದೇ ಸಲ ಬಂದು ಹೋಗೋ ದಾಳಿ. ಎಂಎಸ್‌ನಲ್ಲಿ ದಾಳಿ ಮರುಕಳಿಸುತ್ತದೆ. ಆದರೆ ಗಿಲಾನ್ ಬಾರೆ ಬಂದವರೆಲ್ಲ ನಿಮ್ಮಷ್ಟು ಅದೃಷ್ಟವಂತರಲ್ಲ. ಒಳಗಿನ ನರವೇ ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯಬೇಕು. ಸೊಂಟದಿಂದ ಪಾದಕ್ಕೆ ಲೆಕ್ಕ ಹಾಕಿ.

ಹೊಸದಾರಿ
ಎಲ್ಲರೂ ಸುಮ್ನೆ ಚರ್ಚೆ ಮಾಡ್ತಿದ್ದೀರಿ. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಮೈಲಿನ್ ನೂರಕ್ಕೆ ನೂರು ವಾಪಸ್ ಬರುತ್ತೆ. ನಮಗೆ ಗೊತ್ತಿರೋ ಕ್ಲಿನಿಕ್ ಇದೆ. ಇನ್‌ಬಾಕ್ಸಿಗೆ ಬನ್ನಿ.

ಮೂರನೇಸಾಲು
ನಾನು ಹೋಗಿದ್ದೆ ಇಂಥದ್ದೇ ಒಂದು ಕಡೆಗೆ. ಮೂರು ಇಂಜೆಕ್ಷನ್, ಒಂದು ಬಣ್ಣಬಣ್ಣದ ಫೈಲು. ಕಾಲು ಹಾಗೇ ಇದೆ. ಫೈಲಿನ ಮೇಲೆ ಈಗ ಮೊಬೈಲ್ ಇಡ್ತೀನಿ.

ಸಂಜೆಓಪಿಡಿ
ಇದನ್ನು ಬಿಡಿಸಿ ಹೇಳಲೇಬೇಕು. ಎಂಎಸ್‌ನಲ್ಲಿ ಸ್ವಂತ ರಕ್ತದ ಸ್ಟೆಮ್ ಸೆಲ್ ಕಸಿ ಅಂತ ನಿಜವಾದ ಚಿಕಿತ್ಸೆ ಒಂದಿದೆ. ಜೋರು ಕೀಮೋ ಕೊಟ್ಟು ಇಮ್ಯೂನ್ ವ್ಯವಸ್ಥೆಯನ್ನು ಅಳಿಸಿ, ಹೊಸದಾಗಿ ಶುರು ಮಾಡಿಸೋದು. ಆಯ್ದ ಕೆಲವರಿಗೆ ಮಾತ್ರ. ಅದು ದಾಳಿ ನಿಲ್ಲಿಸೋಕೆ. ಆ ಕೋಶಗಳು ಮೈಲಿನ್ ಸುತ್ತಲ್ಲ. ಇನ್‌ಬಾಕ್ಸಿಗೆ ಕರೆದು ನೂರಕ್ಕೆ ನೂರು ಅನ್ನೋರು ಇದೇ ಹೆಸರನ್ನು ಬಳಸಿಕೊಳ್ಳುತ್ತಾರೆ.

ಪೊರಕೆ (ನಿರ್ವಾಹಕ)
ಹೊಸದಾರಿ ಅವರ ಖಾತೆ ಮುಚ್ಚಿದ್ದೇನೆ. ಪೋಸ್ಟ್ ಅಳಿಸಿಲ್ಲ, ಕೆಳಗಿನ ಉತ್ತರಗಳು ಉಪಯೋಗಕ್ಕೆ ಬರಲಿ ಅಂತ. ಮುಂದುವರಿಸಿ.

ಸುಮ್ನೆಬಂದೆ
ಬಿ12 ಮಾತ್ರೆ ತಗೊಂಡ್ರೆ ನರ ಗಟ್ಟಿ ಆಗುತ್ತೆ ಅಂತಾರಲ್ಲ?

ಸಂಜೆಓಪಿಡಿ
ಬಿ12 ಕೊರತೆ ಇದ್ದರೆ ಬೆನ್ನುಹುರಿಯ ಮೈಲಿನ್ ಹಾಳಾಗೋದು ನಿಜ. ಅಂಥವರಿಗೆ ಅದು ಅಮೃತ, ಬೇಗ ಕೊಡಲೇಬೇಕು. ಕೊರತೆ ಇಲ್ಲದವರಿಗೆ ಜಾಸ್ತಿ ಕೊಟ್ಟರೆ ಮೈಲಿನ್ ಜಾಸ್ತಿ ಆಗಲ್ಲ. ಬಯೋಟಿನ್ ಅನ್ನೋ ಇನ್ನೊಂದು ವಿಟಮಿನ್ ಕಥೆಯೂ ಹೀಗೇ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಎಂಎಸ್‌ಗೆ ಒಳ್ಳೇದು ಅಂತ 2016ರಲ್ಲಿ ಆಸೆ ಹುಟ್ಟಿತ್ತು. 2020ರ ದೊಡ್ಡ ಪ್ರಯೋಗದಲ್ಲಿ ಸೋತಿತು. ಅದರ ಮೇಲೆ ಬಯೋಟಿನ್ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ಏರುಪೇರು ಮಾಡುತ್ತದೆ.

ಕಿಟಕಿಪಕ್ಕ
ಕ್ಲೆಮಾಸ್ಟೀನ್ ಅಂತ ಅಲರ್ಜಿ ಮಾತ್ರೆಯಿಂದ ಮೈಲಿನ್ ಬೆಳೆಯುತ್ತೆ ಅಂತ ಓದಿದೆ. ಹಳೇ ಔಷಧ, ಅಪಾಯ ಇಲ್ಲ ಅಂತಾರೆ. ಅಕ್ಕನಿಗೆ ಕೊಡಿ ಅಂತ ಡಾಕ್ಟರನ್ನು ಕೇಳಬಹುದಾ?

ನರಗಳ_ನೆಂಟ
ಕೇಳಬಹುದು, ತಾವೇ ತಗೊಳ್ಳಬಾರದು. ಕಥೆ ಹೀಗಿದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ ನರದ ಬದಲು ಸೂಕ್ಷ್ಮವಾದ ಗಾಜಿನ ಮೊನೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಸುತ್ತ ಕೋಶ ಸುತ್ತುತ್ತದಾ ಅಂತ ನೂರಾರು ಔಷಧ ಹಾಕಿ ನೋಡಿತು. ಕ್ಲೆಮಾಸ್ಟೀನ್ ಗೆದ್ದಿತು. 2017ರಲ್ಲಿ 50 ಎಂಎಸ್ ರೋಗಿಗಳ ಮೇಲೆ ಪ್ರಯೋಗದ ಫಲಿತಾಂಶ ಬಂತು. ನಿಮ್ಮಕ್ಕನಿಗೆ ಮಾಡಿದ ಅದೇ ವಿಇಪಿ. ಸರಾಸರಿ 1.7 ಮಿಲಿಸೆಕೆಂಡು ವೇಗ ಹೆಚ್ಚಿತು.

ಗುಬ್ಬಿಲೆಕ್ಕ
1.7. ಅವರ ಅಕ್ಕನಿಗೆ 23 ಬಾಕಿ ಇದೆ.

ನರಗಳ_ನೆಂಟ
ಹೌದು, ಚಿಕ್ಕದೇ. ಸುಸ್ತೂ ಹೆಚ್ಚಾಯಿತು. ಆದರೆ ಹಳೇ ಗಾಯದಲ್ಲಿ ಗಡಿಯಾರದ ಮುಳ್ಳು ಸರಿಯಾದ ಕಡೆಗೆ ಅಲುಗಿದ್ದು ದೊಡ್ಡ ಸುದ್ದಿ. ಆಮೇಲೆ ಕಹಿ ಸುದ್ದಿಯೂ ಬಂತು. ಬೇರೆ ಪ್ರಯೋಗವೊಂದರಲ್ಲಿ ಕ್ಲೆಮಾಸ್ಟೀನ್ ತಗೊಂಡ ಕೆಲವರ ಕಾಯಿಲೆ ಬೇಗ ಬಿಗಡಾಯಿಸಿ, ಆ ಗುಂಪನ್ನೇ ನಿಲ್ಲಿಸಬೇಕಾಯಿತು. ಅದಕ್ಕೇ "ಹಳೇ ಔಷಧ, ಅಪಾಯ ಇಲ್ಲ" ಅನ್ನೋ ಮಾತು ನನಗೆ ಹಿಡಿಸಲ್ಲ.

ಒಪಿಸಿನುಮಾಬ್ ಅಂತ ಇನ್ನೊಂದಿತ್ತು. ಎಳೇ ಕೋಶದ ಬ್ರೇಕ್ ತೆಗೆಯೋ ಆಂಟಿಬಾಡಿ. ಇಲಿಯಲ್ಲಿ ಅದ್ಭುತ. 2020ರಲ್ಲಿ ಕೈಬಿಟ್ಟರು. ಬೆಕ್ಸರೋಟೀನ್ ಅನ್ನೋ ಕ್ಯಾನ್ಸರ್ ಔಷಧದಿಂದ 2021ರ ಪ್ರಯೋಗದಲ್ಲಿ ವಿಇಪಿ ವೇಗ ಸ್ವಲ್ಪ ಸುಧಾರಿಸಿತು, ಆದರೆ ತಗೊಂಡವರೆಲ್ಲರ ಥೈರಾಯ್ಡ್ ಕೆಟ್ಟಿತು. ಮುದಿ ಇಲಿಗಳ ಎಳೇ ಕೋಶವನ್ನು ಮೆಟ್‌ಫಾರ್ಮಿನ್ ಮತ್ತೆ ಚುರುಕು ಮಾಡಿದ್ದು 2019ರಲ್ಲಿ ಕಂಡಿತು. ಸಕ್ಕರೆ ಕಾಯಿಲೆಯ ಮಾತ್ರೆ ಅದು. ಈಗ ಅದರ ಮೇಲೂ ಪ್ರಯೋಗ ನಡೆಯುತ್ತಿದೆ.

ಹಳೇಫ್ಯೂಸು
ಹಾಗಾದ್ರೆ ಈಗ ತಮ್ಮನಿಗೆ ಕೊಡ್ತಿರೋ ಇಷ್ಟು ದುಬಾರಿ ಇಂಜೆಕ್ಷನ್ ಏನು ಮಾಡ್ತಿದೆ?

ಸಂಜೆಓಪಿಡಿ
ಹೊಸ ಗಾಯ ಆಗದಂತೆ ತಡೀತಿದೆ. ದಯವಿಟ್ಟು ನಿಲ್ಲಿಸಬೇಡಿ. ರಿಪೇರಿ ನಿಧಾನ. ಪದೇ ಪದೇ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ಕೋಶಗಳಿಗೆ ಸಮಯವೇ ಸಿಗಲ್ಲ. ಮೈಲಿನ್ ಇಲ್ಲದೆ ಬಹಳ ಕಾಲ ಬಿಟ್ಟರೆ ಒಳಗಿನ ನರವೇ ಸಾಯುತ್ತದೆ. ಹೊದಿಕೆ ಬರೀ ಇನ್ಸುಲೇಷನ್ ಅಲ್ಲ, ಆ ಕೋಶ ನರಕ್ಕೆ ಲ್ಯಾಕ್ಟೇಟ್ ರೂಪದಲ್ಲಿ ಶಕ್ತಿಯನ್ನೂ ಉಣಿಸುತ್ತದೆ. ನರ ಸತ್ತ ಮೇಲೆ ಸುತ್ತೋಕೆ ಏನೂ ಉಳಿದಿರಲ್ಲ.

ಹಳೇಫ್ಯೂಸು
ಪ್ಲಾಸ್ಟಿಕ್ ತಾಮ್ರಕ್ಕೆ ಊಟ ಹಾಕುತ್ತೆ ಅಂತಾಯಿತು. ಇನ್ನು ಮೇಲೆ ಯಾರಾದ್ರೂ ವೈರ್ ಹೋಲಿಕೆ ಕೊಟ್ಟರೆ ಈ ಪುಟ ತೋರಿಸ್ತೀನಿ.

ಅಂಬೆಗಾಲು
ಫಿಸಿಯೋಥೆರಪಿಯಿಂದ ಮೈಲಿನ್ ಬೆಳೆಯುತ್ತಾ?

ನರಗಳ_ನೆಂಟ
ನರ ಕೆಲಸ ಮಾಡಿದಷ್ಟೂ ಎಳೇ ಕೋಶ ಚುರುಕಾಗುತ್ತದೆ ಅಂತ ಇಲಿಯಲ್ಲಿ ಗೊತ್ತು. 2014ರಲ್ಲಿ ಲಂಡನ್ನಿನವರು ಇಲಿಗಳಿಗೆ ಮೆಟ್ಟಿಲು ಅಡ್ಡಾದಿಡ್ಡಿ ಇರೋ ಓಟದ ಚಕ್ರ ಕೊಟ್ಟರು. ಹೊಸ ಆಲಿಗೋಡೆಂಡ್ರೋಸೈಟ್ ಹುಟ್ಟದಂತೆ ತಡೆದ ಇಲಿಗಳಿಗೆ ಆ ಓಟ ಸರಿಯಾಗಿ ಒಲಿಯಲಿಲ್ಲ. (ಗುಬ್ಬಿಲೆಕ್ಕ ಕೇಳೋ ಮೊದಲೇ ಹೇಳ್ತೀನಿ: ಹೌದು, ಇಲಿ.)

ಗುಬ್ಬಿಲೆಕ್ಕ
😀 ಕೇಳಲ್ಲ. ಬದಲಿಗೆ ಕಿಟಕಿಪಕ್ಕ ಅವರಿಗೆ ಒಂದು ಆಟ ಹೇಳ್ತೀನಿ. ನಾನು ಭೌತಶಾಸ್ತ್ರದ ಮೇಷ್ಟ್ರು. ಒಂದು ಮೊಳ ದಾರಕ್ಕೆ ಬೀಗದ ಕೈ ಕಟ್ಟಿ, ಅಕ್ಕನ ಎದುರು ಎಡಕ್ಕೂ ಬಲಕ್ಕೂ ತೂಗಾಡಿಸಿ. ನೇರ ಗೆರೆಯಲ್ಲಿ ಆಡಬೇಕು, ಹಿಂದೆ ಮುಂದೆ ಬರಬಾರದು. ಅಕ್ಕ ಎರಡೂ ಕಣ್ಣು ತೆರೆದು ನೋಡಲಿ. ಹೇಗೆ ಆಡುತ್ತಿದೆ ಅಂತ ಕೇಳಿ. ಉತ್ತರ ಮೊದಲೇ ಹೇಳಿಕೊಡಬೇಡಿ.

ಕಿಟಕಿಪಕ್ಕ
ಈಗಷ್ಟೇ ಮಾಡಿದೆ. "ಯಾಕೆ ಸುತ್ತಿಸ್ತಿದ್ದೀಯ?" ಅಂದಳು. ನಾನು ಸುತ್ತಿಸ್ತಿಲ್ಲ! ನನಗೆ ನೆಟ್ಟಗೆ ಆಚೆ ಈಚೆ ಹೋಗುತ್ತಿದೆ. ಅವಳಿಗೆ ಕೀ ಹತ್ತಿರ ಬಂದು ದೂರ ಹೋಗಿ ಮೊಟ್ಟೆಯಾಕಾರದಲ್ಲಿ ಸುತ್ತುತ್ತಿದೆಯಂತೆ. ಒಂದು ಕಣ್ಣು ಮುಚ್ಚಿದರೆ ಸುತ್ತು ಹೋಯಿತು. ಇದೇನು ಮಾಟ?

ಗುಬ್ಬಿಲೆಕ್ಕ
ಪುಲ್‌ಫ್ರಿಶ್ ಪರಿಣಾಮ. ಎಡಗಣ್ಣಿನ ಚಿತ್ರ ಆ 23 ಮಿಲಿಸೆಕೆಂಡು ತಡವಾಗಿ ತಲುಪುತ್ತದಲ್ಲ. ಅಷ್ಟರಲ್ಲಿ ಕೀ ಸ್ವಲ್ಪ ಮುಂದೆ ಹೋಗಿರುತ್ತದೆ. ಎರಡು ಕಣ್ಣು ಕೀಯನ್ನು ಎರಡು ಜಾಗದಲ್ಲಿ ನೋಡುತ್ತವೆ, ಮೆದುಳು ಆ ವ್ಯತ್ಯಾಸವನ್ನು ದೂರ, ಹತ್ತಿರ ಅಂತ ಓದಿಕೊಳ್ಳುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಕಾರ್ಲ್ ಪುಲ್‌ಫ್ರಿಶ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಾನು ಬರೆದದ್ದನ್ನು ತಾನೇ ನೋಡಲಾಗಲಿಲ್ಲ.

ಇನ್ನೊಂದು ಮಾಡಿ. ತಂಪು ಕನ್ನಡಕದ ಒಂದು ಗಾಜು ಮಾತ್ರ ಅವರ ಬಲಗಣ್ಣಿನ ಮುಂದೆ ಹಿಡೀರಿ. ಬೆಳಕು ಕಡಿಮೆಯಾದರೆ ಒಳ್ಳೇ ಕಣ್ಣೂ ನಿಧಾನವಾಗುತ್ತದೆ.

ಸಂಜೆಓಪಿಡಿ
ಮೇಷ್ಟ್ರೇ, ಇದನ್ನು ನಾಳೆ ಓಪಿಡಿಯಲ್ಲಿ ಕದೀತೀನಿ.

ಮೂರನೇಸಾಲು
ನನಗೂ ಸುತ್ತುತ್ತಿದೆ. ಹನ್ನೊಂದು ವರ್ಷದ ಹಿಂದಿನ ಕಣ್ಣು ಇದು. ರಸ್ತೆ ದಾಟುವಾಗ ಗಾಡಿಗಳು ಎಷ್ಟು ದೂರ ಇವೆ ಅಂತ ತಿಳಿಯದೆ ಒದ್ದಾಡ್ತೀನಲ್ಲ, ಅದು ಇದೇನಾ?

ಗುಬ್ಬಿಲೆಕ್ಕ
ಇರಬಹುದು ಅಕ್ಕ. ಕಣ್ಣಿನ ಡಾಕ್ಟರಿಗೆ ಹೇಳಿ. ಒಂದು ಕಡೆ ಮಾತ್ರ ಬಣ್ಣದ ಗಾಜು ಹಾಕಿ ಕೆಲವರಿಗೆ ಸರಿ ಮಾಡಿಕೊಡುತ್ತಾರೆ.

ಕಿಟಕಿಪಕ್ಕ
ಗಾಜು ಹಿಡಿದೆವು. ಸುತ್ತು ಚಪ್ಪಟೆಯಾಯಿತು. ಪೂರ್ತಿ ಗೆರೆ ಆಗಲಿಲ್ಲ, ಆದರೆ ಬಹಳ ಸಣ್ಣದಾಯಿತು. ಅಕ್ಕ ಗಾಜು ಹಾಕ್ತಾಳೆ, ತೆಗೀತಾಳೆ, ಹಾಕ್ತಾಳೆ, ತೆಗೀತಾಳೆ. ಎಂಟು ತಿಂಗಳಲ್ಲಿ ಈ ಕಣ್ಣಿನ ವಿಷಯಕ್ಕೆ ಅವಳು ನಕ್ಕಿದ್ದು ಇವತ್ತೇ ಮೊದಲು. ಕೀ ಕಟ್ಟಿದ ದಾರವನ್ನು ಬಾಗಿಲ ಮೊಳೆಗೆ ನೇತು ಹಾಕಿದ್ದಾಳೆ. ಮುಂದಿನ ವಿಇಪಿ ಆರು ತಿಂಗಳಿಗೆ. ಅಲ್ಲಿವರೆಗೆ ಪ್ರತಿ ತಿಂಗಳ ಒಂದನೇ ತಾರೀಕು ತೂಗಾಡಿಸಿ ಸುತ್ತು ಎಷ್ಟು ಅಗಲ ಇದೆ ಅಂತ ಪುಸ್ತಕದಲ್ಲಿ ಬರೀತಾಳಂತೆ.

ಹಳೇಫ್ಯೂಸು
ದಾರದ ಉದ್ದ ಬದಲಾಯಿಸಬೇಡಿ ಅಂತ ಹೇಳಿ. ರೀಡಿಂಗ್ ಕೆಡುತ್ತೆ.